ಪದಚರ್ಚೆ: ‘ಬ್ರಾಂಚ್’ಗೆ ಶಾಖೆಯೋ ಕವಲೋ? ನಾಳೆಗೆ ಬೇಕು

ಗೆಳೆಯರೇ, ಶಾಲೆಯ ವಿಜ್ಞಾನ ಮೇಳಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ 10ಕ್ಕೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ವಿಷಯ, ಭೌತವಿಜ್ಞಾನಿ ಹ್ಯೂ ಎವರೆಟ್ 1957ರಲ್ಲಿ ಮುಂದಿಟ್ಟ ಕ್ವಾಂಟಮ್ ವಿವರಣೆ, ಅಂದರೆ ಅತಿ ಸಣ್ಣ ಕಣಗಳ ನಡತೆಯ ವಿವರಣೆ. ಕಣವನ್ನು ಅಳತೆ ಮಾಡಿದಾಗ, ಆಗಬಹುದಾದ ಫಲಗಳಲ್ಲಿ ಒಂದೇ ಉಳಿದು ಮಿಕ್ಕವು ಅಳಿಯುವುದಿಲ್ಲ, ಎಲ್ಲವೂ ಬೇರೆ ಬೇರೆ ಬ್ರಾಂಚ್‌ಗಳಲ್ಲಿ ನಡೆಯುತ್ತವೆ ಅನ್ನುವುದು. ನಾನು ಬರೆದದ್ದು: ‘ವಿಶ್ವವು ಶಾಖೆಗಳಾಗಿ ಒಡೆಯುತ್ತದೆ. ಒಂದೊಂದು ಶಾಖೆಯ ಹಣೆಬರಹ ಒಂದೊಂದು ಥರ. ಒಂದರಲ್ಲಿ ಪ್ರಳಯವಾದರೂ ಇನ್ನೊಂದು ಉಳಿದಿರುತ್ತದೆ.’ ತಲೆಬರಹ ‘ಬಹುಲೋಕ’. ಶಾಖೆ ಅಂದರೆ ಬ್ಯಾಂಕು ನೆನಪಾಗುತ್ತದೆ, ಅಲ್ವಾ? ಉಳಿದ ಪದಗಳು ಸರಿಯಾ?

ಉತ್ತರ 1
ಶಾಖೆ ಬೇಡ. ಕವಲು. ಕವೆಗೋಲು ಹಿಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಣೆಬರಹವೂ ಬೇಡ, ಪ್ರಳಯವೂ ಬೇಡ. ‘ಕೊನೆ’ ಇದೆಯಲ್ಲ! ಕೊಂಬೆಯ ತುದಿಯೂ ಕೊನೆಯೇ, ಮುಗಿಯುವುದೂ ಕೊನೆಯೇ. ‘ಒಂದೊಂದು ಕವಲಿಗೂ ಅದರದ್ದೇ ಕೊನೆ.’ ಇಷ್ಟು ಚೆನ್ನಾಗಿ ಹೊಂದುವ ಮಾತು ಮನೆಯಲ್ಲೇ ಇರುವಾಗ ಶಾಖೆ, ಪ್ರಳಯ ಅಂತ ಸಂಸ್ಕೃತದಿಂದ ಎರವಲು ಯಾಕೆ?

ಉತ್ತರ 2
ಕವಲು ಒಪ್ಪಿದೆ. ಆದರೆ ‘ಶಾಖೆಗಳಾಗಿ ಒಡೆಯುತ್ತದೆ’ ಅಂದರೆ ಮಕ್ಕಳು ಮಡಕೆ ಒಡೆದ ಹಾಗೆ ತಿಳಿಯುತ್ತಾರೆ. ಎವರೆಟ್ ಹೇಳಿದ್ದು ಇಡೀ ವಿಶ್ವಕ್ಕೆ ಒಂದೇ ತರಂಗ ಫಲನ (ಆಗಬಹುದಾದ ಎಲ್ಲ ಸ್ಥಿತಿಗಳನ್ನೂ ಒಟ್ಟಿಗೆ ಹಿಡಿದಿಡುವ ಗಣಿತದ ಸೂತ್ರ) ಅಂತ. ಅದು ಎಲ್ಲೂ ತುಂಡಾಗುವುದಿಲ್ಲ. ‘ಕವಲೊಡೆಯುತ್ತದೆ’ ಅನ್ನಿ. ಚಿಗುರೊಡೆ, ಮೊಳಕೆಯೊಡೆ, ಕುಡಿಯೊಡೆ ಅಂತ ಒಡೆಯುವುದನ್ನು ನಾವು ಬೆಳೆಯುವುದಕ್ಕೂ ಹೇಳುತ್ತೇವೆ. ಬುಡ ಹಾಗೇ ಇರುತ್ತದೆ. ಎವರೆಟ್‌ಗೆ ಬೇಕಾದದ್ದು ಇದೇ.

ಪ್ರಳಯ ನನಗೂ ಬೇಡ, ಕಾರಣ ಬೇರೆ. ಪುರಾಣದ ಪ್ರಳಯದ ಬೆನ್ನಿಗೆ ಮತ್ತೆ ಸೃಷ್ಟಿ ಇದೆ. ಇಲ್ಲಿಯ ಕಥೆ ಹಾಗಲ್ಲ. ಭೌತವಿಜ್ಞಾನಿ ಸಿಡ್ನಿ ಕೋಲ್ಮನ್ 1977ರಲ್ಲಿ ವಿವರಿಸಿದ ಹುಸಿ ನಿರ್ವಾತದ ಕುಸಿತವನ್ನೇ ನೋಡಿ. ಹುಸಿ ನಿರ್ವಾತ ಅಂದರೆ ಸ್ಥಿರವಾಗಿ ಕಂಡರೂ ಇನ್ನೂ ಕಡಿಮೆ ಶಕ್ತಿಯ ಸ್ಥಿತಿಗೆ ಜಾರಬಹುದಾದ ಖಾಲಿ ಜಾಗ. ನಾವಿರುವ ನಿರ್ವಾತ ಅಂಥ ಹುಸಿಯದ್ದಾಗಿದ್ದರೆ, ಎಲ್ಲೋ ಒಂದು ಕಡೆ ಆ ಕಡಿಮೆ ಶಕ್ತಿಯ ಗುಳ್ಳೆ ಹುಟ್ಟಿ, ಸಿಕ್ಕಿದ್ದನ್ನೆಲ್ಲ ಅಳಿಸುತ್ತಾ ಬೆಳಕಿನ ವೇಗದ ಹತ್ತಿರ ಹತ್ತಿರ ಹರಡುತ್ತದೆ. ಅದು ಹುಟ್ಟುವುದು ಕ್ವಾಂಟಮ್ ಆಕಸ್ಮಿಕ. ಹಾಗಾಗಿ ಒಂದು ಕವಲಿನಲ್ಲಿ ಇವತ್ತೇ ಹುಟ್ಟುತ್ತದೆ, ಇನ್ನೊಂದರಲ್ಲಿ ಹುಟ್ಟುವುದಿಲ್ಲ. ತರಂಗ ಫಲನ ಹೇಗೆ ಬದಲಾಗುತ್ತದೆ ಅಂತ ಹೇಳುವ ಶ್ರೋಡಿಂಗರ್ ಸಮೀಕರಣ ಮಾತ್ರ ನಿಲ್ಲದೆ ನಡೆಯುತ್ತದೆ. ಕೊನೆ ಕವಲಿಗೆ, ಬುಡಕ್ಕಲ್ಲ.

ಉತ್ತರ 3
ಹಣೆಬರಹ ಅಂದರೆ ಒಂದು ಹಣೆಗೆ ಒಂದೇ ಬರಹ. ಇಲ್ಲಿ ಎಲ್ಲವೂ ಆಗುತ್ತದೆ. ತೆಗೆಯಿರಿ. ‘ಗತಿ’ ಸಾಕು.
‘ಬಹುಲೋಕ’ ತಲೆಬರಹಕ್ಕೆ ಇರಲಿ. ಲೋಕ ಅಂದರೆ ಕಾಣುವಂಥದ್ದು, ಅವಲೋಕನದಲ್ಲಿ ಇರುವ ಮೂಲವೇ. ಒಂದು ಕವಲಿನಲ್ಲಿರುವವರಿಗೆ ಇನ್ನೊಂದು ಕಾಣದು. ಅವರಿಗೆ ಕಂಡಷ್ಟೇ ಲೋಕ. ಇದನ್ನು ಎರವಲು ಅಂತ ಕಿತ್ತುಹಾಕಿದರೆ ಅರ್ಥವೇ ಹೋಗುತ್ತದೆ.

ಉತ್ತರ 1ರವರಿಂದ ಮತ್ತೆ
ಹದಿನಾಲ್ಕು ಲೋಕ ಕೇಳಿ ಬೆಳೆದ ಮಗು ಅವಲೋಕನದ ಮೂಲ ಹುಡುಕುವುದಿಲ್ಲ. ಪಾತಾಳಕ್ಕೆ ಮೆಟ್ಟಿಲೆಲ್ಲಿ ಅಂತ ಕೇಳುತ್ತದೆ. ‘ಹಲವು ಜಗ’ ಅನ್ನಿ.

ಉತ್ತರ 3ರವರಿಂದ ಮತ್ತೆ
ಜಗವೂ ಸಂಸ್ಕೃತದ ಜಗತ್ತಿನಿಂದಲೇ ಬಂದದ್ದು ಸ್ವಾಮಿ. ಕ್ವಾಂಟಮ್ ಅಂತೂ ಲ್ಯಾಟಿನ್ನಿನದು, ‘ಎಷ್ಟು’ ಅಂತ ಅರ್ಥ. ಇಂಗ್ಲಿಷಿನವರು ಹಾಗೇ ಇಟ್ಟುಕೊಂಡರು. ಯಾವ ಭಾಷೆ ಎರವಲಿಲ್ಲದೆ ವಿಜ್ಞಾನ ಬರೆದಿದೆ, ಹೇಳಿ.

ಉತ್ತರ 1ರವರಿಂದ ಮತ್ತೆ
ಬೇಕಾದಾಗ ತರೋಣ. ಕವಲು ಇರುವಾಗ ಶಾಖೆ ತರುವುದು ಬೇಕಿಲ್ಲದ್ದು. ನನ್ನ ಮಾತು ಇಷ್ಟೇ.

ಕೇಳಿದವರು
ಎಲ್ಲರಿಗೂ ವಂದನೆ. ಹೀಗೆ ಕೊಡುತ್ತಿದ್ದೇನೆ: ‘ವಿಶ್ವ ಕವಲೊಡೆಯುತ್ತಲೇ ಇರುತ್ತದೆ. ಒಂದೊಂದು ಕವಲಿನ ಗತಿ ಬೇರೆ, ಕೊನೆಯೂ ಬೇರೆ. ಬುಡ ಮಾತ್ರ ಒಂದೇ.’ ತಲೆಬರಹ ‘ಬಹುಲೋಕ’. ಪಾತಾಳದ ಮೆಟ್ಟಿಲು ಕೇಳುವ ಮಕ್ಕಳಿಗೆ ಪಕ್ಕದಲ್ಲೇ ನಿಂತು ಹೇಳುತ್ತೇನೆ.