ಸಂಗ್ರಹ

ಭಾನುವಾರ ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆಯೇ.

ಮುಂಬೈ ಮಾವ: (ಫಾರ್ವರ್ಡ್) ಹೆಂಗಸೆಂದು ಗೊತ್ತಾದರೆ ಯಾರೂ ಓದುವುದಿಲ್ಲವೆಂದು ಜೇನ್ ಆಸ್ಟೆನ್ ಮೊದಲ ಕಾದಂಬರಿಗೆ ಗಂಡಸಿನ ಹೆಸರು ಹಾಕಿದಳು! ಎಲ್ಲ ಹೆಣ್ಣುಮಕ್ಕಳಿಗೂ ಕಳಿಸಿ.

ಸಣ್ಣತ್ತೆ: ನೂರಕ್ಕೆ ನೂರು ಸತ್ಯ. ನಮ್ಮ ಮನೆಯಲ್ಲೂ ಇದೇ ಕತೆ.

ಮಣಿಪಾಲ ಅಕ್ಕ: ಮಾವ, ಎಲ್ಲಿ ಸಿಕ್ಕಿತು ಇದು? 1811ರ ಆ ಪುಸ್ತಕದ ಮೇಲೆ ‘ಬೈ ಎ ಲೇಡಿ’ ಅಂತಲೇ ಇತ್ತು. ಹೆಸರು ಇರಲಿಲ್ಲ, ಅಷ್ಟೆ.

ಮುಂಬೈ ಮಾವ: ಬಂದದ್ದು ಕಳಿಸಿದೆ ಮಾರಾಯ್ತಿ.

ಮಣಿಪಾಲ ಅಕ್ಕ: ಗಂಡಸರೂ ಹಾಗೇ ಮಾಡುತ್ತಿದ್ದರು. ವಾಲ್ಟರ್ ಸ್ಕಾಟ್ ‘ವೇವರ್ಲಿ’ ತಂದದ್ದು 1814ರಲ್ಲಿ. ನಾನೇ ಬರೆದದ್ದು ಅಂತ ಎಲ್ಲರೆದುರು ಒಪ್ಪಿಕೊಂಡದ್ದು 1827ರಲ್ಲಿ! ‘ಫ್ರಾಂಕನ್‌ಸ್ಟೈನ್’ ಕೂಡ 1818ರಲ್ಲಿ ಹೆಸರಿಲ್ಲದೆ ಬಂತು. ಮುನ್ನುಡಿ ಮೇರಿ ಶೆಲ್ಲಿಯ ಗಂಡನದ್ದು. ಕಾದಂಬರಿಯೂ ಅವನದ್ದೇ ಅಂದುಕೊಂಡವರು ತುಂಬಾ ಜನ.

ಸಣ್ಣತ್ತೆ: ನೋಡಿ! ನಾನು ಹೇಳುವುದೂ ಅದನ್ನೇ.

ದೊಡ್ಡಪ್ಪ: ಅಷ್ಟು ದೂರ ಯಾಕೆ? ನಮ್ಮ ನಂದಳಿಕೆಯ ಮುದ್ದಣ ಇಲ್ಲವೇ? ಉಡುಪಿಯಲ್ಲಿ ಡ್ರಿಲ್ ಮಾಷ್ಟ್ರು. ತಾನು ಬರೆದದ್ದನ್ನೇ ಹಳೆಯ ಕಾವ್ಯ ಅಂತ ಮೈಸೂರಿಗೆ ಕಳಿಸಿದ. ಒಂದಕ್ಕೆ ‘ಮಹಾಲಕ್ಷ್ಮಿ’ ಅಂತ ಹೆಂಗಸಿನ ಹೆಸರು ಇಟ್ಟ. 1901ರಲ್ಲಿ ತೀರಿಕೊಂಡ, ಗುಟ್ಟು ಹೊರಬಿದ್ದದ್ದು ಆಮೇಲೆ. ಬರೆಯುವವರಿಗೆ ಹೆಸರಿನ ಆಸೆ ಇರಬಾರದು.

ಕಾಪು ಪುಟ್ಟ: ನಂದಳಿಕೆ ಅಂದ ಕೂಡಲೇ ಸಿರಿಜಾತ್ರೆ ನೆನಪಾಯಿತು. ಆ ವರ್ಷ ಕಲ್ಲಂಗಡಿ ತಿಂದು ಮಾವ ಬಸ್ಸಿನಲ್ಲಿ...

ಮುಂಬೈ ಮಾವ: ಅದು ನಾನಲ್ಲ.

(ಮಾವನೇ. ಪಕ್ಕದ ಸೀಟಿನಲ್ಲಿ ನಾನಿದ್ದೆ.)

ಸಣ್ಣತ್ತೆ: ಆಸೆ ಇರಬಾರದಾ ಅಣ್ಣ? ನಾಗಮಂಡಲದ ಸ್ಮರಣ ಸಂಚಿಕೆಯಲ್ಲಿ ಸಂಪಾದಕರು ಅಂತ ನಿಮ್ಮ ಹೆಸರು ಮೂರು ಕಡೆ ಇದೆ. ನನ್ನ ಪತ್ರೊಡೆ ಲೇಖನದ ಕೆಳಗೆ ಮಾತ್ರ ‘ಸಂಗ್ರಹ’!

ಹಿಂದೆಯೇ ಒಂದು ಫೋಟೋ ಬಂತು. ಪುಟ 43. ‘ಸಂಗ್ರಹ’ಕ್ಕೆ ನೀಲಿ ಪೆನ್ನಿನಲ್ಲಿ ಗೀಟು ಹೊಡೆದು ಪಕ್ಕದಲ್ಲಿ ಅತ್ತೆಯ ಹೆಸರು, ಇನಿಷಿಯಲ್ ಸಮೇತ. ಮೂಲೆಯಲ್ಲಿ ಅರಶಿನದ ಕಲೆ.

ಕಾಪು ಪುಟ್ಟ: ಅಜ್ಜಿಯ ಪತ್ರೊಡೆ ಅಂದರೆ...

ಮಣಿಪಾಲ ಅಕ್ಕ: ಪುಟ್ಟ, ಸುಮ್ನಿರು. ದೊಡ್ಡಪ್ಪ, ಯಾಕೆ ಹೆಸರು ಹಾಕಲಿಲ್ಲ?

ದೊಡ್ಡಪ್ಪ: ಅದನ್ನು ಸರಿಯಾಗಿ ಓದಿ ನೋಡು. ಹುಣಸೆಹುಳಿ ಹಾಕುವುದನ್ನೇ ಬರೆದಿಲ್ಲ ಇವಳು. ಕೆಸುವಿನ ಎಲೆ. ಮಾಡಿ ತಿಂದವರಿಗೆ ಗಂಟಲು ತುರಿಸಿದರೆ ಬೈಗುಳ ಯಾರಿಗೆ? ಅದಕ್ಕೇ ತೆಗೆದೆ.

ಮಣಿಪಾಲ ಅಕ್ಕ: ಹುಳಿ ನೀವೇ ಸೇರಿಸಬಹುದಿತ್ತು ಅಲ್ವಾ?

ದೊಡ್ಡಪ್ಪ: ಎಷ್ಟು ಹಾಕಬೇಕು ಅಂತ ನನಗೇನು ಗೊತ್ತು?

ಸಣ್ಣತ್ತೆ: ಲಿಂಬೆಹಣ್ಣಿನಷ್ಟು. ಕೇಳಿದ್ದರೆ ಹೇಳುತ್ತಿದ್ದೆ.