ರಾಯಚೂರಿನ ಬೇಸಿಗೆಯಲ್ಲಿ ಗೆಕ್ಕೊ ಮೊಟ್ಟೆ

ಪ್ರಶಾಂತ, ನೀನು ಸಾಕಿರುವ ಹಲ್ಲಿ, ಆ ಲೆಪರ್ಡ್ ಗೆಕ್ಕೊ, ಎರಡು ಮೊಟ್ಟೆ ಇಟ್ಟಿರುವ ಫೋಟೊವನ್ನೂ, ಅವನ್ನು ಬಲ್ಬಿನ ಕೆಳಗಿಟ್ಟು ಕೋಳಿ ಮೊಟ್ಟೆಯಂತೆ ದಿನವೂ ಹೊರಳಿಸಬೇಕೇ ಎಂಬ ಪ್ರಶ್ನೆಯನ್ನೂ ಗುಂಪಿನಲ್ಲಿ ನೋಡಿದೆ. ಬಲ್ಬೂ ಬೇಡ, ಹೊರಳಿಸುವುದೂ ಬೇಡ. ಇಟ್ಟ ಒಂದೆರಡು ದಿನದೊಳಗೆ ಭ್ರೂಣವು ಮೊಟ್ಟೆಯ ಮೇಲ್ಭಾಗದ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ತಿರುಗಿಸಿದರೆ ಅದು ಸಾಯುವ ಸಂಭವ ಹೆಚ್ಚು. ಮೊಟ್ಟೆ ಈಗ ಹೇಗೆ ಮಲಗಿದೆಯೋ ಹಾಗೆಯೇ ಇರಲಿ. ಮೇಲ್ಗಡೆ ಪೆನ್ಸಿಲಿನಿಂದ ಹಗುರವಾಗಿ ಒಂದು ಚುಕ್ಕೆ ಇಟ್ಟು, ಚಮಚದಿಂದ ಎತ್ತಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಹಾಕು.

ಡಬ್ಬಿಯಲ್ಲಿ ನರ್ಸರಿಯವರು ಮಾರುವ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರವಾದ ಖನಿಜದ ಚೂರು) ಹಾಕಿ, ಅದರ ತೂಕದಷ್ಟೇ ನೀರು ಬೆರೆಸು. ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಮೊಟ್ಟೆಯ ಸಿಪ್ಪೆ ಚರ್ಮದಂತೆ ಮೆತ್ತಗಿದ್ದು ತೇವವನ್ನು ಹೀರಿಕೊಳ್ಳುವುದರಿಂದ, ಅರ್ಧ ಹೂತರೆ ಸಾಕು. ವಾರಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿಯಾಡಿಸು.

ನಿಜವಾದ ಕಷ್ಟವಿರುವುದು ಶಾಖದಲ್ಲಿ. ನೀನು ನೋಡುವ ವಿಡಿಯೊಗಳು ಚಳಿ ದೇಶದವು, ಅಲ್ಲಿ ಬಿಸಿ ಮಾಡುವುದೇ ಚಿಂತೆ. ನಮ್ಮಲ್ಲಿ ಈ ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ದಾಟುವಾಗ ತಂಪು ಮಾಡುವುದೇ ಚಿಂತೆ. 26ರಿಂದ 32 ಡಿಗ್ರಿಯೊಳಗೆ ಮೊಟ್ಟೆ ಸುರಕ್ಷಿತ, 35 ದಾಟಿದರೆ ಅಪಾಯ. ಮರಿಯ ಲಿಂಗವನ್ನೂ ಈ ಶಾಖವೇ ನಿರ್ಧರಿಸುತ್ತದೆ: 26ರ ಸುಮಾರಿಗೆ ಹೆಚ್ಚಾಗಿ ಹೆಣ್ಣು, 32ರ ಸುಮಾರಿಗೆ ಹೆಚ್ಚಾಗಿ ಗಂಡು. ಹೆಣ್ಣೋ ಗಂಡೋ ಎಂಬ ಆಸೆಗಿಂತ ಸ್ಥಿರತೆ ಮುಖ್ಯವೆಂದು ನನ್ನ ಅಭಿಪ್ರಾಯ, 28ರ ಆಸುಪಾಸಿನಲ್ಲಿರಲಿ. ಅಜ್ಜಿಯ ಮಣ್ಣಿನ ಮಾಳಿಗೆ ಮನೆಯ ನಡುಕೋಣೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಡಬ್ಬಿಯನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಸುತ್ತ ನೀರು ತುಂಬಿದ ಬಾಟಲಿಗಳನ್ನು ಒತ್ತಾಗಿ ಜೋಡಿಸಿದರೆ ಏರಿಳಿತ ನಿಧಾನವಾಗುತ್ತದೆ. ಶಕ್ತಿನಗರದಲ್ಲಿ ವಿದ್ಯುತ್ ತಯಾರಾದರೂ ನಮ್ಮ ಬಡಾವಣೆಯಲ್ಲಿ ಕರೆಂಟ್ ಹೋಗುವುದು ತಪ್ಪಿಲ್ಲ, ಆದ್ದರಿಂದ ಕೂಲರನ್ನೇ ನಂಬಬೇಡ.

ವಾರ, ಹತ್ತು ದಿನ ಕಳೆದ ಮೇಲೆ ಕತ್ತಲಲ್ಲಿ, ಮೊಟ್ಟೆಯನ್ನು ಮುಟ್ಟದೆ ಪಕ್ಕದಿಂದ ಮೊಬೈಲ್ ಟಾರ್ಚ್ ಹಿಡಿದು ನೋಡು: ಕೆಂಪು ನರಗಳು ಕಂಡರೆ ಜೀವವಿದೆ, ಬರೀ ಹಳದಿ ಕಂಡರೆ ಬಹುಶಃ ಬರಡು. ಮೊದಲ ಬಾರಿ ಇಟ್ಟ ಮೊಟ್ಟೆಗಳು ಬರಡಾಗುವುದು ಅಪರೂಪವೇನಲ್ಲ. ಮರಿಯಾಗಲು ಸುಮಾರು 45ರಿಂದ 60 ದಿನ ಬೇಕು. ಕೊನೆಯಲ್ಲಿ ಮೊಟ್ಟೆ ಕುಗ್ಗಿದಂತೆ ಕಂಡರೆ ಹೆದರಿ ಸಿಪ್ಪೆ ಹರಿಯಬೇಡ. ಅಷ್ಟರವರೆಗೆ ತಾಯಿಗೆ ಹುಳದ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡು, ಸಿಪ್ಪೆಗಾಗಿ ಅದರ ಮೈಯಿಂದಲೇ ಸುಣ್ಣ ಖರ್ಚಾಗಿರುತ್ತದೆ.

ವೈನಿಯವರು ಹಲ್ಲಿ ಶಕುನದ ಮಾತೆತ್ತಿದ್ದಾರೆ. ಈ ಹಲ್ಲಿಯ ಬೆರಳುಗಳಲ್ಲಿ ಅಂಟುವ ಪದರಗಳಿಲ್ಲ, ಗೋಡೆ ಹತ್ತಲಾರದು. ಆದ್ದರಿಂದ ತಲೆಯ ಮೇಲೆ ಬೀಳುವ ಪ್ರಶ್ನೆಯೇ ಬರುವುದಿಲ್ಲ, ವೈನಿ.

ಇನ್ನೊಂದು ಮಾತು. 2022ರ ತಿದ್ದುಪಡಿಯ ನಂತರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿರುವ, ಅಂದರೆ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿರುವ ಜೀವಿಗಳ ಪಟ್ಟಿಯಲ್ಲಿರುವ, ಪ್ರಾಣಿಗಳನ್ನು ಸಾಕುವವರು ಅವುಗಳ ಮರಿಗಳನ್ನೂ ನೋಂದಾಯಿಸಬೇಕು. ಕೊಂಡ ರಸೀದಿ ಹಿಡಿದು ಅರಣ್ಯ ಇಲಾಖೆಯ ಕಚೇರಿಯಲ್ಲಿ ನಿನ್ನ ಗೆಕ್ಕೊಗೆ ಯಾವ ನಿಯಮ ಅನ್ವಯಿಸುತ್ತದೆಂದು ಕೇಳಿಕೊಂಡು ಬಾ. ನಾಳೆ ಮಧ್ಯಾಹ್ನ ಮೂರಕ್ಕೆ ಆ ನಡುಕೋಣೆಯಲ್ಲಿ ಥರ್ಮಾಮೀಟರ್ ಇಟ್ಟು ಫೋಟೊ ಕಳಿಸು, ಪೆಟ್ಟಿಗೆಯ ಜಾಗವನ್ನು ಆಮೇಲೆ ತೀರ್ಮಾನಿಸೋಣ.