ಡಾಕ್ಟರ್ ಮೇಡಂ ಹತ್ರ ಕೇಳಿ: ಎದೆ ಉರಿ, ಗ್ಯಾಸ್, ಭೇದಿ (ದಾವಣಗೆರೆ ಗ್ರೂಪ್)

ನಿಟ್ಟುವಳ್ಳಿ ಸದಸ್ಯ: ಮೇಡಂ, ಬೆಳಿಗ್ಗೆ ಎರಡು ಬೆಣ್ಣೆ ದೋಸೆ ತಿಂದರೆ ಮಧ್ಯಾಹ್ನದವರೆಗೂ ಎದೆ ಉರಿ, ಹುಳಿ ತೇಗು. ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್ ಊಟ ಆದಮೇಲೆ ತಗೊಳ್ತೇನೆ. ಕೇಳ್ತಾನೇ ಇಲ್ಲ.

ಡಾಕ್ಟರ್: ಅದನ್ನು ತಿಂಡಿಗೆ ಅರ್ಧ ಗಂಟೆ ಮುಂಚೆ, ಖಾಲಿ ಹೊಟ್ಟೆಗೆ ತಗೋಬೇಕು. ರಾತ್ರಿ ಉಂಡ ತಕ್ಷಣ ಮಲಗಬೇಡಿ. ಎರಡು ವಾರಕ್ಕೂ ಹೋಗದಿದ್ದರೆ ತೋರಿಸಿ.

ಹರಿಹರದ ಸದಸ್ಯೆ: ನಮ್ಮಪ್ಪನಿಗೆ 58. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ಎರಡು ತಿಂಗಳಿಂದ ನುಂಗ್ತಿದ್ದಾರೆ. ಮೂರು ದಿನದಿಂದ ಹೊಟ್ಟೆ ಉರಿ, ಮೋಷನ್ ಕಪ್ಪಗಿದೆ. ಗ್ಯಾಸ್ಟ್ರಿಕ್ ಇರಬೇಕು ಅಂತ ಮಜ್ಜಿಗೆ ಕೊಡ್ತಿದ್ದೇವೆ.

ಡಾಕ್ಟರ್: ಡಾಂಬರಿನ ಹಾಗೆ ಅಂಟಂಟಾಗಿದೆಯಾ? ಕಬ್ಬಿಣದ ಮಾತ್ರೆ ತಗೊಳ್ತಾರಾ? ತಲೆ ಸುತ್ತು?

ಹರಿಹರದ ಸದಸ್ಯೆ: ಕಬ್ಬಿಣದ ಮಾತ್ರೆ ಇಲ್ಲ. ಎರಡು ಬಕೆಟ್ ನೀರು ಹಾಕಿದರೂ ಬೇಸಿನ್‌ಗೆ ಅಂಟಿಕೊಂಡೇ ಇರುತ್ತೆ, ವಾಸನೆ ತಡೆಯೋಕಾಗಲ್ಲ. ನಿನ್ನೆ ಬಚ್ಚಲಿಗೆ ಗೋಡೆ ಹಿಡ್ಕೊಂಡು ಹೋದರು.

ಡಾಕ್ಟರ್: ನೋಡಮ್ಮ, ಇದು ಗ್ಯಾಸ್ಟ್ರಿಕ್ ಅಲ್ಲ. ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ಲಕ್ಷಣ. ಈಗಲೇ ಹೊರಡಿ, ನಾಳೆ ಅನ್ನಬೇಡಿ. ನಮ್ಮ ಹೊಟ್ಟೆಯ ಒಳಪೊರೆಯನ್ನು ಆಮ್ಲದಿಂದ ಕಾಯುವ ಲೋಳೆ ಇರುತ್ತದೆ. ನೋವಿನ ಮಾತ್ರೆ ಅದನ್ನು ಕಡಿಮೆ ಮಾಡುತ್ತದೆ, ಹುಣ್ಣಾಗುತ್ತದೆ. ಅಲ್ಲಿ ಸೋರಿದ ರಕ್ತ ಆಮ್ಲಕ್ಕೆ ಸಿಕ್ಕು ಕಪ್ಪಾಗಿ ಕೆಳಗೆ ಬರುತ್ತದೆ. ನೋವಿನ ಮಾತ್ರೆ ಈಗಲೇ ನಿಲ್ಲಿಸಿ. ಬಾಯಿಗೆ ಏನೂ ಕೊಡಬೇಡಿ, ಮಜ್ಜಿಗೆಯೂ ಬೇಡ, ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವುದು) ಮಾಡಬೇಕಾಗಬಹುದು. ಸೋರುವ ಜಾಗವನ್ನು ಅದರಲ್ಲೇ ಮುಚ್ಚುವುದಕ್ಕೂ ಆಗುತ್ತದೆ. ಬೈಕಲ್ಲಿ ಕೂರಿಸಬೇಡಿ, 108ಕ್ಕೆ ಫೋನ್ ಮಾಡಿ. ಮಾತ್ರೆ ಶೀಟ್ ಮರೆಯದೆ ಒಯ್ಯಿರಿ. ಹೃದಯಕ್ಕೆ ರಕ್ತ ತೆಳುವಾಗುವ ಮಾತ್ರೆ ಏನಾದರೂ ತಗೊಳ್ತಿದ್ದರೆ ಅಲ್ಲಿ ಮೊದಲು ಅದನ್ನೇ ಹೇಳಿ.

ಕೆ.ಟಿ.ಜೆ. ನಗರದ ಸದಸ್ಯ: ಫಾರ್ವರ್ಡ್ ಬಂದಿದೆ. ನಿಂಬೆ ರಸ, ಅಡುಗೆ ಸೋಡಾ, ಏಳು ದಿನ. ಹುಣ್ಣು ಮಾಯ.

ಡಾಕ್ಟರ್: ದಯವಿಟ್ಟು ಇದನ್ನು ತೆಗೀರಿ. ಆ ಮನೆಯವರು ಏಳು ದಿನ ಕಾದರೆ ಏನಾಗುತ್ತೆ ಗೊತ್ತಾ?

ಕೆ.ಟಿ.ಜೆ. ನಗರದ ಸದಸ್ಯ: ನಮ್ಮಜ್ಜಿ ಸೋಡಾ ಕುಡಿದೇ 90 ವರ್ಷ ಬದುಕಿದರು.

ವಿದ್ಯಾನಗರದ ಸದಸ್ಯ: ನಿಮ್ಮಜ್ಜಿ ದಿನಾ ಎರಡು ನೋವಿನ ಮಾತ್ರೆ ನುಂಗ್ತಿದ್ರಾ? ಎಲ್ಲಾ ಮಂಡಕ್ಕಿ ಮಿರ್ಚಿಯಿಂದ ಬರೋದು. ಮೊದಲು ಅದು ಬಿಡಿ.

ಕೆ.ಟಿ.ಜೆ. ನಗರದ ಸದಸ್ಯ: ಊರಿನ ತಿಂಡಿ ಬಗ್ಗೆ ಮಾತಾಡಬೇಡಿ ಸರ್.

ಡಾಕ್ಟರ್: ಇಬ್ಬರೂ ತಪ್ಪು. ಖಾರದಿಂದ ಉರಿ ಜಾಸ್ತಿಯಾಗಬಹುದು, ಆದರೆ ಹುಣ್ಣಿಗೆ ಮುಖ್ಯ ಕಾರಣ ಎರಡು: ನೋವಿನ ಮಾತ್ರೆ, ಇಲ್ಲವೇ ಹೆಲಿಕೊಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ. ಅದನ್ನು ಕಂಡುಹಿಡಿದವರಿಗೆ 2005ರಲ್ಲಿ ನೊಬೆಲ್ ಬಂತು.

ಜಗಳೂರಿನ ಸದಸ್ಯೆ: ಮೇಡಂ, ಮಗುವಿಗೆ ಒಂದೂವರೆ ವರ್ಷ, ನಿನ್ನೆಯಿಂದ ಭೇದಿ. ನೀರು ಕೊಟ್ಟರೆ ಜಾಸ್ತಿ ಆಗುತ್ತೆ ಅಂತಾರೆ ಅತ್ತೆ.

ಡಾಕ್ಟರ್: ಆಗಲ್ಲ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಓಆರ್‌ಎಸ್ ಕಲಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡ್ತಾ ಇರಿ. ಎದೆಹಾಲು, ಊಟ ನಿಲ್ಲಿಸಬೇಡಿ. ಜಿಂಕ್ 14 ದಿನ, ಡೋಸ್ ಕೇಳಿ ಕೊಡಿ. ಭೇದಿ ಕಟ್ಟುವ ಮಾತ್ರೆ ಬೇಡ. ಕಣ್ಣು ಗುಳಿ ಬಿದ್ದರೆ, ಮಂಕಾದರೆ, ಉಚ್ಚೆ ಕಡಿಮೆಯಾದರೆ ಆಸ್ಪತ್ರೆಗೆ.

ಪಿ.ಜೆ. ಬಡಾವಣೆ ಸದಸ್ಯ: ಗ್ಯಾಸ್ ಮಾತ್ರೆ ಯಾವಾಗ ತಗೋಬೇಕು ಮೇಡಂ?

ಡಾಕ್ಟರ್: ಮೇಲೆ ಹೇಳಿದ್ದೇನೆ. ಓದಿ.

ಹೊನ್ನಾಳಿಯ ಸದಸ್ಯ: ನಾಲ್ಕು ದಿನದಿಂದ ಮಲಬದ್ಧತೆ. ಹರಳೆಣ್ಣೆ ಕುಡಿಯಬಹುದಾ?

ಕೆ.ಟಿ.ಜೆ. ನಗರದ ಸದಸ್ಯ: ನಾವು ಒಳ್ಳೇದಕ್ಕೇ ಹಾಕಿದ್ದು. ಡಾಕ್ಟರ್‌ಗಳಿಗೆ ಮನೆಮದ್ದು ಅಂದರೆ ಆಗಲ್ಲ.

ಡಾಕ್ಟರ್: ಜೀರಿಗೆ ನೀರು ಕುಡೀರಿ, ನಾನು ಬೇಡ ಅನ್ನಲ್ಲ. ರಕ್ತ ಹೋಗುತ್ತಿರುವವರಿಗೆ ಸೋಡಾ ಹೇಳಬೇಡಿ ಅಂತಷ್ಟೇ. ಹರಿಹರದವರೇ, ಹೊರಟ್ರಾ?

ಹರಿಹರದ ಸದಸ್ಯೆ: ಆಸ್ಪತ್ರೆಯಲ್ಲಿದ್ದೇವೆ. ರಕ್ತ ಏರಿಸ್ತಿದ್ದಾರೆ, ಆಮೇಲೆ ಎಂಡೋಸ್ಕೋಪಿ ಅಂದರು.

ಡಾಕ್ಟರ್: ಮಾತ್ರೆ ಶೀಟ್ ತೋರಿಸಿದ್ರಾ?

ಹರಿಹರದ ಸದಸ್ಯೆ: ತೋರಿಸಿದೆ. ಅಪ್ಪನ ಜೇಬಿನಲ್ಲಿ ಇನ್ನೂ ಎರಡು ಶೀಟ್ ಸಿಕ್ಕವು.